ಪೊಟ್ಟಣದ ಮೇಲಿದ್ದ ಮಾತು

ಅಕ್ಕನ ಕಟಿಂಗ್ ಮೇಜಿನ ಕೆಳಗಿನ ಡ್ರಾಯರಿನಲ್ಲಿ ರೆಡಿಮೇಡ್ ಪಟ್ಟಿಯ ಪೊಟ್ಟಣಗಳಿರುತ್ತವೆ. ಬ್ಲೌಸಿನ ಕುತ್ತಿಗೆಗೆ, ತೋಳಿನ ಅಂಚಿಗೆ ಕೊಟ್ಟು ಹೊಲಿಯುವ ಪಟ್ಟಿ. ಪ್ಲಾಸ್ಟಿಕ್ ಕವರಿನ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬಯಾಸ್ ಎಂದು ಅಚ್ಚಾಗಿರುತ್ತದೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವಳು, ಅಕ್ಷರ ಕೂಡಿಸಿ ಓದಬಲ್ಲೆ. ಮದುವೆಗೂ ಮುಂಚಿನಿಂದ ಆ ಪೊಟ್ಟಣ ಹರಿದು ಪಟ್ಟಿ ತೆಗೆಯುತ್ತಾ ಬಂದಿದ್ದರೂ ಅದರ ಅರ್ಥವೇನು ಎಂದು ಯಾರನ್ನೂ ಕೇಳಿರಲಿಲ್ಲ. ಕಂಪನಿಯ ಹೆಸರಿರಬೇಕು ಎಂದುಕೊಂಡಿದ್ದೆ. ನಮ್ಮಿಬ್ಬರ ಬಾಯಲ್ಲಿ ಅದು ಕ್ರಾಸ್ ಪಟ್ಟಿ, ಅಷ್ಟೇ.

ಶನಿವಾರಸಂತೆಯಲ್ಲಿ, ಸಂತೆ ಮಾಳಕ್ಕೆ ಹೋಗುವ ರಸ್ತೆಯಲ್ಲಿ, ಬಳೆ ಅಂಗಡಿಯ ಪಕ್ಕದ ಒಂದು ಕೋಣೆ ನಮ್ಮದು. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಸೋಮವಾರಪೇಟೆಯಲ್ಲಿ ಹೊಲಿಗೆ ಕಲಿತು ಬಂದು ಅದನ್ನು ಶುರು ಮಾಡಿದಳು. ನನ್ನ ಶಾಲೆ ಮುಗಿದ ವರ್ಷ ನನ್ನನ್ನು ಮಷೀನಿಗೆ ಕೂರಿಸಿದಳು. ಇದೇ ಊರಿಗೆ ನನ್ನನ್ನು ಮದುವೆ ಮಾಡಿಕೊಟ್ಟ ಮೇಲೂ ನನ್ನ ಹಗಲು ಅಲ್ಲೇ ಕಳೆಯುತ್ತಿತ್ತು. ಗಿರಾಕಿಗಳಿಗೆ ಅವಳು ದೊಡ್ಡಕ್ಕ, ನಾನು ಚಿಕ್ಕಕ್ಕ. ಅವಳು ಕತ್ತರಿಸುವುದು, ನಾನು ಹೊಲಿಯುವುದು. ಇಷ್ಟು ವರ್ಷದಲ್ಲಿ ಒಂದು ದಿನವೂ ಅದು ಅದಲು ಬದಲಾಗಲಿಲ್ಲ. ಅವಳು ಮಷೀನ್ ತುಳಿಯಲು ಬಂದರೆ ನಾನು ಬೈಯುತ್ತಿದ್ದೆ. ನಾನು ಕತ್ತರಿ ಮುಟ್ಟಿದರೆ ಅವಳು, "ಇಡೇ ಅದನ್ನ, ನಿಂಗೆ ಕೈ ನಡುಗ್ತದೆ" ಎನ್ನುತ್ತಿದ್ದಳು. ನನ್ನ ಕೈ ನಡುಗುತ್ತಿರಲಿಲ್ಲ. ಆದರೂ ಇಡುತ್ತಿದ್ದೆ.

ಬಟ್ಟೆಯನ್ನು ನೂಲಿನ ಉದ್ದಕ್ಕೆ ನೇರವಾಗಿ ಕತ್ತರಿಸಿದರೆ ಅದು ಹಟಮಾರಿ, ಎಳೆದರೂ ಬಗ್ಗುವುದಿಲ್ಲ. ಓರೆಯಾಗಿ, ಮೂಲೆಯಿಂದ ಮೂಲೆಗೆ ಹಿಡಿದು ಕತ್ತರಿಸಿದರೆ ಮೈಗೆ ತಕ್ಕಂತೆ ಬಾಗುತ್ತದೆ. ಬ್ಲೌಸಿನ ಮುಂಭಾಗವನ್ನು ಅದಕ್ಕೇ ಕ್ರಾಸಿನಲ್ಲಿ ಕತ್ತರಿಸುತ್ತಾರೆ. ಬಟ್ಟೆ ಹೆಚ್ಚು ಹಿಡಿಯುತ್ತದೆ, ಆದರೆ ಕೂರುವುದು ಚೆನ್ನಾಗಿ ಕೂರುತ್ತದೆ. ಅದಕ್ಕೊಂದು ತೊಂದರೆಯೂ ಉಂಟು. ಹಾಗೆ ಕತ್ತರಿಸಿದ ತುಂಡನ್ನು ಅಂಚು ಹಿಡಿದು ಎತ್ತಿದರೆ, ನೇತುಹಾಕಿದರೆ, ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ಒಮ್ಮೆ ಜಗ್ಗಿತೆಂದರೆ ಇಸ್ತ್ರಿ ಪೆಟ್ಟಿಗೆಯೂ ಅದನ್ನು ಪೂರ್ತಿ ಹಿಂದಕ್ಕೆ ತರುವುದಿಲ್ಲ. ಅಕ್ಕ ಕತ್ತರಿಸಿದ ತುಂಡುಗಳನ್ನು ಹಳೆಯ ಪೇಪರಿನಲ್ಲಿಟ್ಟು ಸುರುಳಿ ಸುತ್ತಿ, ಜೊತೆಗೆ ಗಿರಾಕಿಯ ಅಳತೆ ಬ್ಲೌಸನ್ನೂ ಸೇರಿಸಿ, ಬಟ್ಟೆಯ ದಾರದಿಂದ ಕಟ್ಟಿ ನನ್ನ ಬಲಗಡೆ ಇಡುತ್ತಿದ್ದಳು.

ಈ ವರ್ಷ ಹಸಿಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಅಕ್ಕ ಹೋದಳು. ಬೆಳಗಿನ ಕಾಫಿ ಕುಡಿದು ಲೋಟ ತೊಳೆಯಲು ಹೋದವಳು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳಂತೆ. ನಾನು ಓಡಿ ಹೋಗುವಷ್ಟರಲ್ಲಿ ಪಕ್ಕದ ಮನೆಯವರು ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಹಾಸನದ ದಾರಿಯಲ್ಲಿ, ಆಂಬುಲೆನ್ಸಿನಲ್ಲಿ, ನನ್ನ ಕೈಯೊಳಗೆ ಅವಳ ಕೈ ತಣ್ಣಗಾಯಿತು. ಆ ಕೈಯ ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಜಡ್ಡುಗಟ್ಟಿತ್ತು. ಅದು ಮಾತ್ರ ಮೊದಲಿನ ಹಾಗೇ ಇತ್ತು.

ನಾವು ಲಿಂಗ ಕಟ್ಟುವ ಮನೆಯವರು. ನಮ್ಮಲ್ಲಿ ಸೂತಕವಿಲ್ಲ ಎಂದು ನಮ್ಮ ತಾತ ಎದೆ ತಟ್ಟಿ ಹೇಳುತ್ತಿದ್ದರು. ಹುಟ್ಟಿದ್ದಕ್ಕೂ ಮೈಲಿಗೆ ಇಲ್ಲ, ಸತ್ತಿದ್ದಕ್ಕೂ ಇಲ್ಲ. ಹಾಗೆಂದು ನಾವೂ ಅಷ್ಟು ಕಟ್ಟುನಿಟ್ಟಾಗಿಯೇನೂ ಬದುಕಿದವರಲ್ಲ. ನಾಲ್ಕು ಜನರಿಗೆ ಹೆದರಿ ಅದನ್ನೂ ಇದನ್ನೂ ಪಾಲಿಸುತ್ತೇವೆ. ಆದರೆ ಅಕ್ಕನನ್ನು ಮಣ್ಣು ಮಾಡಿದ ಮೇಲೆ ಬಂದ ಮೊದಲ ಶನಿವಾರ, ಇನ್ನೂ ಶಿವಗಣಾರಾಧನೆಯೂ ಆಗಿರಲಿಲ್ಲ, ನಾನು ಹೋಗಿ ಅಂಗಡಿಯ ಬಾಗಿಲು ತೆಗೆದೆ. ಮನೆಯಲ್ಲಿ ಬೇಡವೆಂದರು. "ನಮಗೆ ಸೂತಕ ಇಲ್ಲ" ಎಂದು ತಾತನ ಮಾತನ್ನೇ ಹೇಳಿದೆ. ನಿಜ ಹೇಳಬೇಕೆಂದರೆ ಅದು ನೆಪ. ಮನೆಯಲ್ಲಿ ಬಂದವರೆಲ್ಲ ಅಕ್ಕ ಹೇಗೆ ಹೋದಳೆಂದು ಕೇಳುತ್ತಿದ್ದರು, ಹೇಳಿ ಹೇಳಿ ನನಗೆ ಸಾಕಾಗಿತ್ತು. ಮಷೀನಿನ ಸದ್ದು ಬೇಕಾಗಿತ್ತು.

ಅಂದು ಮೊದಲು ಬಂದವಳು ಪರಿಚಯದ ಒಬ್ಬ ಹುಡುಗಿ. ಚೂಡಿದಾರದ ಬಟ್ಟೆ ಹಿಡಿದು ಬಾಗಿಲವರೆಗೆ ಬಂದಳು, ಅಕ್ಕನ ಖಾಲಿ ಸ್ಟೂಲ್ ನೋಡಿದಳು, ನನ್ನನ್ನು ನೋಡಿದಳು. "ಆಮೇಲ್ ಬರ್ತೀನಿ ಚಿಕ್ಕಕ್ಕ, ಮನೇಲಿ ಹೇಳವ್ರೆ, ಆ ದಿನಗಳೆಲ್ಲ ಮುಗೀಲಿ ಅಂತ" ಎಂದು ಹೊರಟೇಹೋದಳು. ಅವಳ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ಸಾವಿನ ಮನೆಯ ಕೈಯಲ್ಲಿ ಹೊಸ ಬಟ್ಟೆ ಹೊಲಿಸಬಾರದು ಎಂಬುದು ಅವರ ಮನೆಯ ಲೆಕ್ಕ. ನನಗೆ ಅದು ಮುಳ್ಳಿನ ಹಾಗೆ ಚುಚ್ಚಿ ಅಲ್ಲೇ ಮುರಿದುಕೊಂಡಿತು. ಆಮೇಲೆ ರಸ್ತೆಯಲ್ಲಿ ಹೋಗುವ ಒಬ್ಬೊಬ್ಬರೂ ನಮ್ಮ ಬಾಗಿಲನ್ನು ತಪ್ಪಿಸಿಕೊಂಡೇ ಹೋಗುತ್ತಿದ್ದಾರೆ ಎಂದು ಅನ್ನಿಸತೊಡಗಿತು.

ಆ ಹೊತ್ತಿಗೆ ಗೌಡತಿ ಬಂದಳು.

ಗೌಡತಿ ಎಂದು ಅಕ್ಕ ಕರೆಯುತ್ತಿದ್ದಳು, ನಾನೂ ಹಾಗೇ ಕರೆಯುತ್ತಿದ್ದೆ. ಹಾಸನ ಗಡಿಯ ಕಡೆಯ ಹಳ್ಳಿಯ ಒಕ್ಕಲಿಗರ ಹೆಂಗಸು, ಅಕ್ಕನ ವಯಸ್ಸಿನವಳು. ಸಂತೆಗೆ ಮೆಣಸಿನಕಾಯಿ ತಂದ ದಿನ ನಮ್ಮಲ್ಲಿ ಹತ್ತು ನಿಮಿಷ ಕೂರದೆ ಹೋದವಳಲ್ಲ. ಬರುವಾಗ ಸೆರಗಿನಲ್ಲಿ ಒಂದು ಹಿಡಿ ಕಾಯಿ ತಂದು ಅಕ್ಕನ ಮೇಜಿನ ಮೇಲೆ ಸುರಿದು, "ತಗಳ್ಳಿ ದೊಡ್ಡಕ್ಕ, ನಿಮ್ಮ ನಾಲಿಗೆಯಷ್ಟೇನೂ ಖಾರ ಇಲ್ಲ" ಎನ್ನುತ್ತಿದ್ದಳು. "ಅದ್ಕೇ ನಿಂಗೆ ರೇಟ್ ಸಿಕ್ಕಿಲ್ಲ ಬಿಡು" ಎಂದು ಅಕ್ಕ ನಗುತ್ತಿದ್ದಳು. ಗೌಡತಿಯ ಮಗಳ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯಿಂದ ಕತ್ತರಿಸಿದ ಅರಿಶಿನ ಬಣ್ಣದ ರೇಷ್ಮೆ ಬ್ಲೌಸ್ ಪೀಸನ್ನು ನಮಗೆ ಕೊಟ್ಟಿದ್ದಳು. ಅಕ್ಕ ಹೋಗುವುದಕ್ಕೆ ಹಿಂದಿನ ಸಂಜೆ ಅದನ್ನು ಕತ್ತರಿಸಿ, ಸುತ್ತಿ, ನನ್ನ ಬಲಗಡೆ ಇಟ್ಟಿದ್ದಳು. ಅವಳ ಕತ್ತರಿ ಕೊನೆಯದಾಗಿ ಮುಟ್ಟಿದ ಬಟ್ಟೆ ಅದೇ.

ಆ ದಿನ ಗೌಡತಿ ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೆ, ಮಳೆ ಬಿದ್ದು ಕೆಸರಾಗಿದ್ದ ರಸ್ತೆಯಲ್ಲೇ ನಿಂತಳು. ತಲೆಯ ಮೇಲೆ ಸೆರಗು. ನನ್ನನ್ನು ನೋಡಿ ಅವಳ ಕಣ್ಣು ತುಂಬಿತು.

"ಹೆಂಗಾಗೋಯ್ತು ಚಿಕ್ಕಕ್ಕ," ಎಂದಳು.

"ಒಳಗೆ ಬನ್ನಿ."

"ಇಲ್ಲ ಕಣಕ್ಕ. ನಾನೀಗ ಒಳಿಕ್ಕೆ ಬರಂಗಿಲ್ಲ."

ನಾನು ಮಷೀನಿನಿಂದ ಎದ್ದೆ. ಅವಳು ಮೆಲ್ಲಗೆ, "ಆ ಧಾರೆ ಬ್ಲೌಸು... ಈಗ್ಲೇ ಹೊಲಿಬ್ಯಾಡಿ. ಇರ್ಲಿ. ಅದನ್ನ ಹೇಳಾನ ಅಂತ್ಲೇ ಬಂದೆ" ಎಂದಳು.

ಅಷ್ಟೇ ಅವಳು ಹೇಳಿದ್ದು. ಆ ಮಾತುಗಳನ್ನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಗಡಸು ಅಕ್ಷರವೂ ಇಲ್ಲ. ಆದರೆ ಅಂದು ನನ್ನ ಕಿವಿಗೆ ಬಿದ್ದದ್ದು ಬೇರೆ. ಸತ್ತವಳು ಕತ್ತರಿಸಿದ ಬಟ್ಟೆ ನನ್ನ ಮಗಳ ಮೈಗೆ ಬೇಡ ಎಂದು ಕೇಳಿಸಿತು. ಇಷ್ಟು ವರ್ಷ ಅಕ್ಕನ ಎದುರು ಕೂತು ಕಾಫಿ ಕುಡಿದವಳಿಗೆ ಇವತ್ತು ನಮ್ಮ ಹೊಸ್ತಿಲು ಮೈಲಿಗೆಯಾಯಿತೇ ಎಂದು ತಲೆಗೆ ಏರಿತು.

"ನಮ್ಮಲ್ಲಿ ಸೂತಕ ಇಲ್ಲ ಗೌಡತಿ! ನಿಮಗಿದ್ರೆ ನಿಮ್ಮ ಮನೇಲಿ ಇಟ್ಕೊಳ್ಳಿ!" ಎಂದೆ. ದನಿ ರಸ್ತೆಯ ಆಚೆವರೆಗೆ ಹೋಯಿತು. "ನಮ್ಮಕ್ಕನ ಕೈ ತಾಗಿದ್ದು ಬ್ಯಾಡ ಅಂದ್ಮೇಲೆ ಇಲ್ಯಾಕಿರ್ಬೇಕು? ತಗೊಂಡು ಹೋಗಿ!" ಎಂದು ಆ ಸುರುಳಿಯನ್ನು ತೆಗೆದು ಅವಳತ್ತ ಎಸೆದೆ. ದಾರ ಬಿಚ್ಚಿತು. ಪೇಪರು ಒಂದು ಕಡೆ, ಅಳತೆ ಬ್ಲೌಸು ಒಂದು ಕಡೆ, ಅರಿಶಿನ ಬಣ್ಣದ ತುಂಡುಗಳು ಕೆಸರಿನಲ್ಲಿ.

ಅವಳು ಬಗ್ಗಿ ಒಂದೊಂದೇ ತುಂಡು ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ಒಂದು ತುಂಡು ಆಟೋ ಚಕ್ರದ ಹತ್ತಿರ ಹೋಗಿತ್ತು. ಆಟೋದವನು ಇಳಿದು ಎತ್ತಿಕೊಟ್ಟ. ಅವಳು ಹೋದಳು.

ಪಕ್ಕದ ಬಳೆ ಅಂಗಡಿಯವರು ತಲೆ ಹೊರಗೆ ಹಾಕಿ, "ಏನ್ ಚಿಕ್ಕಕ್ಕ, ಇವತ್ತು ಸಂತೇಲಿ ಮೆಣಸಿನಕಾಯಿಗಿಂತ ನೀವೇ ಜೋರು" ಎಂದರು. ನಾನು ಒಳಗೆ ಬಂದು ಕೂತೆ. ನಾಚಿಕೆಯಾಗಲಿಲ್ಲ. ಅದನ್ನೇ ಬರೆಯಬೇಕಾಗಿದೆ. ಆ ದಿನ ನನಗೆ ಒಂದು ಬಗೆಯ ಹಗುರವಾಗಿತ್ತು. ಅಕ್ಕ ಹೋದ ಮೇಲೆ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದವಳಿಗೆ ಒಬ್ಬಳು ಸಿಕ್ಕಿದ್ದಳು.

ಆ ವಾರವೆಲ್ಲ ನಾನು ಅದನ್ನು ಹೇಳಿಕೊಂಡು ತಿರುಗಿದೆ. ಮನೆಗೆ ಬಂದವರಿಗೆ, ಆರಾಧನೆಯ ದಿನ ಊಟಕ್ಕೆ ಕೂತವರಿಗೆ, ಎಲ್ಲರಿಗೂ. ಹೇಳುತ್ತಾ ಹೋದಂತೆ ಕಥೆ ಚೂಪಾಯಿತು. ಗೌಡತಿ ಮೂಗು ಮುರಿದಳು ಎಂದು ಒಮ್ಮೆ ಸೇರಿಸಿದೆ. ಅವಳು ಮೂಗು ಮುರಿದಿರಲಿಲ್ಲ. ಆದರೆ ಹೇಳಿದ ಮೇಲೆ ನನಗೇ ಅದು ಕಂಡಂತಾಯಿತು.

ಲೆಕ್ಚರರ್ ಮೇಡಂಗೂ ಹೇಳಿದೆ. ಅವರು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು, ಮೈಸೂರು ಕಡೆಯವರು, ಕಾಟನ್ ಬ್ಲೌಸುಗಳನ್ನು ನಮ್ಮಲ್ಲೇ ಹೊಲಿಸುತ್ತಿದ್ದರು. ಅಕ್ಕನ ಸುದ್ದಿ ತಡವಾಗಿ ತಿಳಿದು ಮಾತಾಡಿಸಲು ಬಂದಿದ್ದರು. ಕೇಳಿ, "ಹೋಗ್ಲಿ ಬಿಡಿ. ಎಲ್ಲರಿಗೂ ಅವರವರದ್ದೊಂದು ಬಯಾಸ್ ಇರ್ತದಲ್ಲ" ಎಂದರು.

"ಏನಿರ್ತದೆ?" ಎಂದೆ.

"ಬಯಾಸ್. ಅಂದ್ರೆ ಮನಸ್ಸು ಮೊದಲೇ ಒಂದು ಕಡೆ ವಾಲಿರೋದು. ಪಕ್ಷಪಾತ, ಪೂರ್ವಗ್ರಹ ಅಂತ ಪೇಪರಲ್ಲಿ ಬರೀತಾರಲ್ಲ, ಅದು."

ನಾನು ಡ್ರಾಯರ್ ಎಳೆದು ಪೊಟ್ಟಣ ತೆಗೆದು ಅವರ ಮುಂದಿಟ್ಟೆ. "ಇದಾ?"

ಅವರು ಓದಿ ನಕ್ಕರು. "ಅದೇ ಅಕ್ಷರ. ಇದು ಯಾಕೆ ಇಲ್ಲಿದೆ?"

"ನಿಮಗೆ ಗೊತ್ತಿರ್ಬೇಕು."

"ಪಾಠ ಮಾಡೋರಿಗೆಲ್ಲ ಗೊತ್ತಿರ್ತದಾ? ನೋಡಿ ಹೇಳ್ತೀನಿ," ಎಂದು ಪೊಟ್ಟಣದ ಫೋಟೋ ತೆಗೆದುಕೊಂಡು ಹೋದರು.

ಎರಡು ದಿನ ಬಿಟ್ಟು, ಕಾಲೇಜು ಬಿಟ್ಟ ಮೇಲೆ, ಹಾಗೇ ಬಂದರು. ಅಕ್ಕನ ಸ್ಟೂಲಿನ ಮೇಲೆ ಕೂರಲು ಹೋಗಿ, ನನ್ನ ಮುಖ ನೋಡಿ, ಬೆಂಚಿನ ಮೇಲೆ ಕೂತರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಆ ಮಾತು ಇಂಗ್ಲಿಷರಿಗೆ ಫ್ರೆಂಚರಿಂದ ಬಂತಂತೆ. ಅದಕ್ಕೂ ಹಿಂದೆ ಎಲ್ಲಿಂದ ಎಂಬುದು ಓದಿದವರಿಗೂ ಖಚಿತವಿಲ್ಲ. ಗ್ರೀಕಿನಿಂದ ಇರಬಹುದು ಎನ್ನುತ್ತಾರೆ. ಮೊದಲಿಗೆ ಅದಕ್ಕೆ ಮನಸ್ಸಿನ ಸುದ್ದಿಯೇ ಇರಲಿಲ್ಲ. ಓರೆ, ವಾರೆ, ಇಳಿಜಾರು, ಅಷ್ಟೇ ಅರ್ಥ. ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದಕ್ಕೂ ಅದನ್ನೇ ಹೇಳಿದರು. ಆಮೇಲೆ ಅದು ಒಂದು ಆಟಕ್ಕೆ ಹೋಯಿತು. ಹುಲ್ಲಿನ ಮೇಲೆ ಮರದ ಚೆಂಡು ಉರುಳಿಸುವ ಆಟ. ಆ ಚೆಂಡನ್ನು ಬೇಕೆಂದೇ ಒಂದು ಪಕ್ಕಕ್ಕೆ ಭಾರವಾಗಿ ಮಾಡಿರುತ್ತಾರೆ. ನೋಡಲು ಗುಂಡಗೇ ಇರುತ್ತದೆ, ನೇರವಾಗಿಯೇ ಬಿಡುತ್ತಾರೆ, ಆದರೆ ಹೋಗುತ್ತಾ ಹೋಗುತ್ತಾ ಭಾರ ಇರುವ ಕಡೆಗೆ ತಿರುಗುತ್ತದೆ. ಆ ತಿರುಗಿಸುವ ಭಾರಕ್ಕೂ ಅದೇ ಹೆಸರು. ಅಲ್ಲಿಂದ ಜನ ಮನಸ್ಸಿಗೂ ಅದನ್ನೇ ಹೇಳತೊಡಗಿದರು.

"ಚೆಂಡಿಗೆ ತಾನು ವಾರೆ ಹೋಗ್ತಾ ಇದೀನಿ ಅಂತ ಗೊತ್ತಿರಲ್ಲ, ಅಲ್ವಾ ಮೇಡಂ?" ಎಂದೆ.

"ಚೆಂಡಿಗೆ ಏನೂ ಗೊತ್ತಿರಲ್ಲ," ಎಂದು ಅವರು ನಕ್ಕರು.

ನನಗೆ ಆ ವಿವರಣೆ ಬಹಳ ಹಿಡಿಸಿತು. ಹಿಡಿಸಿದ್ದು ಯಾಕೆಂದರೆ, ಗೌಡತಿಗೆ ಅದು ಸರಿಯಾಗಿ ಹೊಂದುತ್ತದೆ ಎಂದುಕೊಂಡೆ. ಒಳ್ಳೆಯ ಹೆಂಗಸು, ಗುಂಡಗಿನ ಚೆಂಡು, ಆದರೆ ಅವಳೊಳಗೆ ಮೈಲಿಗೆಯ ಭಾರ ಒಂದು ಪಕ್ಕಕ್ಕಿದೆ, ಪಾಪ. ಹೀಗೆ ಅಂದುಕೊಂಡು ಅವಳನ್ನು ಅರ್ಧ ಕ್ಷಮಿಸಿಯೂಬಿಟ್ಟೆ. ಬಸ್ಸಿನಲ್ಲಿ ಸಿಕ್ಕಿದ ಒಬ್ಬರಿಗೆ ಈ ಚೆಂಡಿನ ಮಾತನ್ನೂ ಹೇಳಿದೆ. ಈಗ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಮುಂದಿನ ಸಂತೆಗೆ ಗೌಡತಿ ಬರಲಿಲ್ಲ. ಅವಳ ಊರಿನ ಇನ್ನೊಬ್ಬ ಹೆಂಗಸು ಲಂಗಕ್ಕೆ ಅಂಚು ಹೊಲಿಸಲು ಬಂದಳು. ನಾನು, ಸ್ವಲ್ಪ ಕೊಂಕಿನಿಂದಲೇ, "ಏನು, ನಿಮ್ಮ ಗೌಡತಿ ಮಗಳ ಮದುವೆ ಬ್ಲೌಸು ಎಲ್ಲಿ ಹೊಲಿಸ್ತಾ ಇದಾರೆ?" ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಮದುವೆನೇ ಮುಂದಕ್ಕೆ ಹಾಕವ್ರಲ್ಲ. ಶ್ರಾವಣಕ್ಕೆ. ನಿಮಗೆ ಗೊತ್ತಿಲ್ವಾ? ಅವಳ ಭಾವ ತೀರ್ಕೊಂಡ್ರಲ್ಲ. ನಿಮ್ಮಕ್ಕ ಹೋದ ಮಾರನೇ ದಿನ. ಆವತ್ತು ಸಂತೇಲಿ ಕಾಯಿ ಮೂಟೆನೂ ನಾನೇ ಮಾರಿಕೊಟ್ಟೆ. ಮೈಲಿಗೆ ಅಂತ ಅವ್ಳು ಒಂದು ಅಂಗಡಿ ಮೆಟ್ಲೂ ಹತ್ತಲಿಲ್ಲ. ನಿಮಗೆ ಹೇಳ್ಬೇಕು, ದುಃಖದಲ್ಲಿ ಕೂತು ಅವಸರಕ್ಕೆ ಹೊಲಿದುಬಿಟ್ಟಾರು ಅಂತ ನಿಮ್ಮ ಕಡಿಕೆ ಬಂದ್ಲು. ಬಂದು ನಿಮ್ಮತ್ರ ಬೈಸ್ಕೊಂಡು ಹೋದ್ಲು."

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳಾದು? ನೀವೇ ಅಕ್ಕನ್ನ ಕಳ್ಕೊಂಡು ಹಂಗೆ ಕೂಗ್ತಿದ್ರೆ, ನಮ್ಮನೇಲೂ ಸಾವು ಅಂತ ಜೋಡಿ ಹಾಡಾದಾ? ಅಂಚು ಎಷ್ಟೊತ್ತಾಯ್ತದೆ ಹೇಳಿ."

ನಾನು ಅಂಚು ಹೊಲಿದುಕೊಟ್ಟೆ. ನೇರ ಹೊಲಿಗೆ ಎರಡು ಕಡೆ ಡೊಂಕಾಯಿತು.

ಗೌಡತಿ ಒಳಗೆ ಬರಂಗಿಲ್ಲ ಎಂದದ್ದು ತನ್ನ ಮೈಲಿಗೆ ನಮಗೆ ತಾಗಬಾರದೆಂದು. ನನ್ನ ಗೋಡೆಯ ಗೂಟಗಳಲ್ಲಿ ಬೇರೆಯವರ ಮದುವೆ ಬಟ್ಟೆಗಳು ನೇತಾಡುತ್ತಿದ್ದವಲ್ಲ. ನಮಗೆ ಸೂತಕವಿಲ್ಲ, ಸರಿ. ಆದರೆ ಅವಳಿಗಿತ್ತು, ಮತ್ತು ಅದನ್ನು ಅವಳು ಕೆಸರಿನಲ್ಲಿ ನಿಂತು ತಾನೇ ಹೊತ್ತುಕೊಂಡಿದ್ದಳು. ಸೂತಕದ ಮಾತು ಬಂದ ಕೂಡಲೇ ಅದು ನಮ್ಮ ಬಗ್ಗೆಯೇ ಎಂದುಕೊಂಡೆ. ಇನ್ನೊಬ್ಬರ ಮನೆಯಲ್ಲೂ ಅದೇ ವಾರ ಸಾವು ಬಂದಿರಬಹುದು ಎಂಬುದು ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಅಕ್ಕ ಹೋದ ಮೇಲೆ ಊರಿನಲ್ಲಿ ಇನ್ನಾರೂ ಸಾಯಬಾರದಾಗಿತ್ತೇನೋ.

ಅದಕ್ಕಿಂತ ಹೆಚ್ಚು ನನ್ನನ್ನು ಚುಚ್ಚಿದ್ದು ಬೇರೊಂದು ನೆನಪು. ಕೆಲವು ವರ್ಷದ ಕೆಳಗೆ ಗೌಡತಿಯ ಅತ್ತೆ ತೀರಿದಾಗಲೂ ಅವಳು ಹೀಗೇ ಮೆಟ್ಟಿಲ ಕೆಳಗೆ ನಿಂತಿದ್ದಳು. ಆಗ ಅಕ್ಕ ಕತ್ತರಿ ಕೆಳಗಿಟ್ಟು ತಾನೇ ಮೆಟ್ಟಿಲಿಳಿದು ಹೋಗಿ, ರಸ್ತೆಯಲ್ಲೇ ನಿಂತು ಮಾತಾಡಿಸಿ, ಕಾಫಿಯನ್ನೂ ಅಲ್ಲಿಗೇ ತರಿಸಿದ್ದಳು. ತಂದುಕೊಟ್ಟವಳು ನಾನು.

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಬಸ್ಸಿಳಿದು ಮೆಣಸಿನ ಹೊಲಗಳ ನಡುವಿನ ದಾರಿಯಲ್ಲಿ ನಡೆಯುವಾಗ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ಅಂಗಳದಲ್ಲಿ ಮಗಳು, ಮದುವೆಯ ಹುಡುಗಿ, ಕಾಯಿ ಆರಿಸುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. "ಅಮ್ಮಾ, ಎಸೆಯೋ ಟೈಲರ್ ಬಂದವ್ರೆ ನೋಡು," ಎಂದು ಒಳಗೆ ಕೂಗಿದಳು.

"ಬಾಯ್ಮುಚ್ಚೇ ಮೂದೇವಿ," ಎಂದು ಗೌಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಬನ್ನಿ ಚಿಕ್ಕಕ್ಕ. ಒಳಗೆ ಬನ್ನಿ. ನಮ್ದೆಲ್ಲ ಕಳೀತು, ತಿಥಿ ಆಯ್ತು."

ಬಾಯಿಪಾಠ ಮಾಡಿದ್ದು ಏನೂ ಬರಲಿಲ್ಲ. "ತಪ್ಪಾಯ್ತು ಗೌಡತಿ" ಎಂದೆ. ಅವಳು "ಆಯ್ತು ಬಿಡಿ" ಎಂದಳು. ಆಯ್ತು ಬಿಡಿ ಎಂಬುದಕ್ಕೆ ಕ್ಷಮಿಸಿದೆ ಎಂದೂ ಅರ್ಥವಲ್ಲ, ಕ್ಷಮಿಸಲಿಲ್ಲ ಎಂದೂ ಅಲ್ಲ. ಕಾಫಿ ತಂದುಕೊಟ್ಟಳು. ನಾನು ಮಾತಿಗೆ ಶುರು ಮಾಡಿದೆ. ಅಕ್ಕ ಆ ಬೆಳಿಗ್ಗೆ ಹೇಗಿದ್ದಳು, ಲೋಟ ಹೇಗೆ ಉರುಳಿತ್ತು, ಆಂಬುಲೆನ್ಸ್ ಎಲ್ಲಿ ನಿಧಾನವಾಯಿತು, ನನಗೆ ಈಗ ಅಂಗಡಿಯಲ್ಲಿ ಕೂರಲು ಎಷ್ಟು ಕಷ್ಟ. ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ ಎಂದಿದ್ದವಳು ಅಲ್ಲಿ ನಿಲ್ಲಿಸದೆ ಹೇಳಿದೆ. ಅವಳು ಹೂಂ, ಹೂಂ ಎನ್ನುತ್ತಾ ಕೇಳಿದಳು, ಎರಡು ಸಲ ಕಣ್ಣೊರೆಸಿಕೊಂಡಳು. ಕಾಫಿ ಲೋಟ ಕೆಳಗಿಡುವಾಗ ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಹೊಸ ಫೋಟೋ ಕಂಡಿತು. ಮೀಸೆ ಬಿಟ್ಟ ಗಂಡಸು, ಮಫ್ಲರ್ ಸುತ್ತಿಕೊಂಡು ನಗುತ್ತಿದ್ದರು.

ಕ್ಷಮೆ ಕೇಳಲು ಬಂದವಳು ಆ ಮನೆಯ ಸಾವನ್ನು ಇನ್ನೂ ಕೇಳಿರಲಿಲ್ಲ.

"ಭಾವನಿಗೆ ಏನಾಗಿತ್ತು?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ಸ್ವಲ್ಪ ಹೊತ್ತು ಫೋಟೋ ನೋಡಿದಳು. "ಏನೂ ಇಲ್ಲ ಕಣಕ್ಕ. ಹೊಲಕ್ಕೆ ನೀರು ಕಟ್ಟಕ್ಕೆ ಹೋದ್ರು, ಬರ್ಲಿಲ್ಲ. ಮೋಟ್ರು ಓಡ್ತಲೇ ಇತ್ತು." ಆಮೇಲೆ ನಿಧಾನವಾಗಿ ಹೇಳಿದಳು: ತಾನು ಮದುವೆಯಾಗಿ ಬಂದಾಗ ಗಂಡನಿಗಿಂತ ಮೊದಲು ತನ್ನನ್ನು ಮಾತಾಡಿಸಿದ್ದು ಅವರೇ, ಗಂಡ ಹೋದ ಮೇಲೆ ಈ ಮಗಳನ್ನು ತಮ್ಮ ಮಗಳೆಂದೇ ಸಾಕಿದ್ದು, ಧಾರೆ ಸೀರೆಯನ್ನು ಹಾಸನಕ್ಕೆ ಹೋಗಿ ಆರಿಸಿ ತಂದದ್ದೂ ಅವರೇ. ಅರಿಶಿನ ಬಣ್ಣವೇ ಬೇಕೆಂದು ಅಂಗಡಿಯವನ ತಲೆ ತಿಂದಿದ್ದರಂತೆ.

ನಾನು ಕೆಸರಿಗೆ ಎಸೆದದ್ದು ಅದೇ ಬಟ್ಟೆಯನ್ನು.

ಮಗಳು ಒಳಗಿನಿಂದ ತುಂಡುಗಳನ್ನು ತಂದು ನನ್ನ ಮುಂದಿಟ್ಟಳು. ಕೆಸರು ಹೋಗಲೆಂದು ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಹಗ್ಗದ ಮೇಲೆ ಕ್ಲಿಪ್ ಹಾಕಿ ಒಣಗಿಸಿದ್ದರು. ಬಹಳ ಜೋಪಾನವಾಗಿ ಮಾಡಿದ್ದರು. ಬಣ್ಣ ಕೆಟ್ಟಿರಲಿಲ್ಲ. ಮುಂಭಾಗದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಎಡಗಡೆಯದು ಜಗ್ಗಿ, ಬಲಗಡೆಯದಕ್ಕಿಂತ ಒಂದು ಬೆರಳು ಉದ್ದವಾಗಿತ್ತು. ಕ್ರಾಸ್ ತುಂಡನ್ನು ನೇತುಹಾಕಬಾರದೆಂದು ಅವರಿಗೆ ಗೊತ್ತಿರಬೇಕಾದ್ದಿಲ್ಲ. ನಾನು ಎಸೆಯದಿದ್ದರೆ ಅದಕ್ಕೆ ಹಗ್ಗದ ಮೇಲೆ ಏರುವ ಗತಿ ಬರುತ್ತಿರಲಿಲ್ಲ.

"ಸರಿ ಇದೆಯಾ?" ಎಂದಳು ಗೌಡತಿ.

ಸರಿ ಇದೆ ಎನ್ನಲು ಬಾಯಿ ತೆರೆದಿದ್ದೆ. "ಇಲ್ಲ" ಎಂದೆ. "ಜಗ್ಗಿದೆ. ಎಸೆದಿದ್ದಕ್ಕೆ ಆಗಿದ್ದು. ಸರಿ ಮಾಡಕ್ಕೆ ನೋಡ್ತೀನಿ. ಪೂರ್ತಿ ಆಗದೇನೂ ಇರಬಹುದು."

ಮಗಳ ಮುಖ ಸಪ್ಪಗಾಯಿತು. ದೊಡ್ಡಪ್ಪ ತಂದ ಸೀರೆ. ಅವಳು ಆಗ ಯಾವ ಕುಹಕವನ್ನೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ತುಂಡುಗಳನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಹಬೆ ಕೊಟ್ಟೆ, ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದೆ, ಒದ್ದೆ ಬಟ್ಟೆ ಹೊದಿಸಿಟ್ಟೆ. ಅರ್ಧ ಹಿಂದೆ ಬಂತು. ಉಳಿದದ್ದನ್ನು ಕತ್ತರಿಸಲೇಬೇಕಾಗಿತ್ತು. ಅಕ್ಕನ ಕತ್ತರಿಯನ್ನು ಅಂದು ಮೊದಲ ಸಲ ಬಟ್ಟೆಗೆ ಇಟ್ಟೆ. ಹಿಡಿ ನನ್ನ ಹೆಬ್ಬೆರಳಿಗೆ ದೊಡ್ಡದು. ಅವಳು ಹೇಳಿದ್ದು ಆಗ ನಿಜವಾಯಿತು: ಕೈ ನಡುಗಿತು. ಅಕ್ಕ ಎಳೆದ ಚಾಕ್‌ಪೀಸಿನ ಗೆರೆ ನೀರಿಗೆ ಬಿದ್ದು ಅಳಿಸಿಹೋಗಿತ್ತು. ಅಳತೆ ಬ್ಲೌಸನ್ನು ಪಕ್ಕದಲ್ಲಿಟ್ಟುಕೊಂಡು ನನ್ನದೇ ಗೆರೆ ಎಳೆದೆ. ಹೊಲಿದು ಮುಗಿಸಿದ ಮೇಲೆ ಎಡ ಕಂಕುಳ ಕೆಳಗೆ ಒಂದು ಸಣ್ಣ ನೆರಿಗೆ ಉಳಿಯಿತು. ಮೂರು ಸಲ ಬಿಚ್ಚಿ ಹೊಲಿದರೂ ಅದು ಹೋಗಲಿಲ್ಲ.

ಆಷಾಢ ಮುಗಿದ ಮೇಲಿನ ಸಂತೆಗೆ ಬಂದು ತೆಗೆದುಕೊಳ್ಳುತ್ತೇನೆ ಎಂದು ಗೌಡತಿ ಫೋನಿನಲ್ಲಿ ಹೇಳಿದ್ದಳು. ಅಂದು ಬೆಳಿಗ್ಗೆಯಿಂದ ನನ್ನ ಕಣ್ಣು ಬಾಗಿಲಲ್ಲೇ ಇತ್ತು. ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಚೀಲ. ಮೆಟ್ಟಿಲ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟಳು. ನನ್ನ ಕಡೆ ನೋಡಲಿಲ್ಲ.

ನನ್ನೊಳಗಿನ ಚೆಂಡು ಆಗಲೇ ಉರುಳಿತು. ಇನ್ನೂ ಸಿಟ್ಟಿದೆ. ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿರಬೇಕು. ಮಗಳು ಏನೋ ಹೇಳಿಕೊಟ್ಟಿರಬೇಕು. ಇಲ್ಲ, ನಾನು ಎಸೆದ ಜಾಗ ನೋಡುತ್ತಿದ್ದಾಳೆ. ಇಷ್ಟೂ ಒಂದು ಉಸಿರಿನಲ್ಲಿ. ಎಲ್ಲ ಗೊತ್ತಾದ ಮೇಲೂ, ಬಯಾಸ್ ಎಂಬ ಮಾತಿನ ಹುಟ್ಟು ಬೆಳವಣಿಗೆ ಎಲ್ಲ ತಿಳಿದ ಮೇಲೂ, ಅದು ಮೊದಲಿನಷ್ಟೇ ಸರಾಗವಾಗಿ ಭಾರವಿದ್ದ ಕಡೆಗೇ ಹೋಯಿತು.

ಕತ್ತರಿ ಕೆಳಗಿಟ್ಟು ಎದ್ದೆ. ಮೆಟ್ಟಿಲಿಳಿದು ರಸ್ತೆಗೆ ಹೋದೆ. "ಯಾಕೆ ಗೌಡತಿ ಇಲ್ಲೇ ನಿಂತ್ರಿ?" ಎಂದು ಕೇಳಿದೆ.

"ಅಯ್ಯೋ, ದನದ ಸಂತೆ ಕಡೆಯಿಂದ ಬಂದೆ, ಚಪ್ಪಲಿಗೆ ಸಗಣಿ ಮೆತ್ಕೊಂಡದೆ ಚಿಕ್ಕಕ್ಕ. ಒರಸ್ಕತಾ ಇದೀನಿ. ಒಳ್ಳೆ ರೇಷ್ಮೆ ಇಟ್ಟಿರ್ತೀರ, ವಾಸನೆ ಆಗ್ಬಾರ್ದಲ್ಲ," ಎಂದು ಮೆಟ್ಟಿಲ ಅಂಚಿಗೆ ಕಾಲು ಉಜ್ಜಿದಳು.

ನಾನು ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಹಾಕಿದೆ. ಅವಳು ಒಳಗೆ ಬಂದು, ನೇರವಾಗಿ ಹೋಗಿ, ಅಕ್ಕನ ಸ್ಟೂಲಿನ ಮೇಲೆ ಕೂತಳು. ಅಕ್ಕ ಹೋದ ಮೇಲೆ ಅಲ್ಲಿ ನಾನು ಯಾರನ್ನೂ ಕೂರಿಸಿರಲಿಲ್ಲ ಎಂದು ಅವಳಿಗೇನು ಗೊತ್ತು. ಸೆರಗಿನಿಂದ ಒಂದು ಹಿಡಿ ಮೆಣಸಿನಕಾಯಿ ಬಿಚ್ಚಿ ಮೇಜಿನ ಮೇಲೆ ಸುರಿದಳು. ಖಾರದ ಮಾತು ಆಡಲಿಲ್ಲ. ಅದಕ್ಕೆ ಮರುಮಾತು ಕೊಡಬೇಕಾದವಳು ಇರಲಿಲ್ಲ.

ಬ್ಲೌಸಿನ ಮಡಿಕೆ ಬಿಚ್ಚಿ ಎಡಗಡೆಯ ನೆರಿಗೆಯನ್ನು ನಾನೇ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ನೆರಿಗೆಯನ್ನು ಒಮ್ಮೆ ಸವರಿದಳು. "ಸೆರಗು, ಹಾರ ಎಲ್ಲ ಬಿದ್ಮೇಲೆ ಯಾರಿಗೆ ಕಾಣ್ತದೆ," ಎಂದಳು.

ಮದುವೆಗೆ ಕರೆದಿದ್ದಳು, ಹೋದೆ. ಅವಳು ಹೇಳಿದ್ದು ಸರಿ, ಯಾರಿಗೂ ಕಾಣಲಿಲ್ಲ. ಧಾರೆ ಎರೆಯುವ ಹೊತ್ತಿಗೆ ಛತ್ರದಲ್ಲಿದ್ದವರೆಲ್ಲ ಹುಡುಗಿಯ ಮುಖ ನೋಡುತ್ತಿದ್ದರು. ಅವಳು ಕೈ ಎತ್ತಿದಾಗ ಕಂಕುಳ ಕೆಳಗೆ ಅರಿಶಿನ ಬಣ್ಣದ ರೇಷ್ಮೆ ಒಂದು ಕಡೆಗೆ ಎಳೆದುಕೊಂಡಿತು. ನಾನು ಅದೊಂದನ್ನೇ ನೋಡುತ್ತಾ ಕೂತಿದ್ದೆ.